ಫ್ಲಾಕ್ಯುಲೇಷನ್‌ಗೆ ಕನ್ನಡದಲ್ಲಿ ಏನೆನ್ನಬೇಕು? ಹೆಪ್ಪು, ಗರಣೆ, ಅರಳೆ

ಪ್ರಶ್ನೆ: ಸರ್, ನಾನು ಸೇಡಂ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. ನೀರು ಶುದ್ಧ ಮಾಡುವ ಪಾಠದಲ್ಲಿ ಫ್ಲಾಕ್ಯುಲೇಷನ್ ಅನ್ನೋ ಪದ ಬಂತು. ಒಂದು ಕಡೆ ಅದಕ್ಕೆ ಹೆಪ್ಪುಗಟ್ಟುವಿಕೆ ಅಂತ ಬರೆದಿದ್ದಾರೆ. ಇನ್ನೊಂದು ಕಡೆ ಕೊಯಾಗ್ಯುಲೇಷನ್‌ಗೂ ಅದೇ ಪದ. ರಕ್ತದ ಪಾಠಕ್ಕೆ ಬಂದರೆ ಅಗ್ಲುಟಿನೇಷನ್ ಅಂತ ಮತ್ತೊಂದು. ಎಲ್ಲದರಲ್ಲೂ ಸಣ್ಣ ಕಣಗಳು ಗುಂಪಾಗುವುದೇ ಅಲ್ವಾ? ಹಾಗಿದ್ದರೆ ಇಷ್ಟು ಪದ ಯಾಕೆ? ಯಾವುದನ್ನು ಎಲ್ಲಿ ಬಳಸಬೇಕು?

ಉತ್ತರ:

ಮೇಡಂ, ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ನೀರಿನಲ್ಲಿ ತೇಲಾಡುವ ಬಹಳ ಸಣ್ಣ ಕಣಗಳು ಒಂದಕ್ಕೊಂದು ಸಡಿಲವಾಗಿ ಅಂಟಿಕೊಂಡು, ಕಣ್ಣಿಗೆ ಕಾಣುವಂಥ ಹಗುರ, ಮೆತ್ತನೆಯ ತುಣುಕುಗಳಾಗುವುದು ಫ್ಲಾಕ್ಯುಲೇಷನ್. ಆ ತುಣುಕಿಗೆ ಫ್ಲಾಕ್ ಅಂತ ಹೆಸರು. ಹೆಪ್ಪುಗಟ್ಟುವಿಕೆ ಅನ್ನೋ ಪದ ಇದಕ್ಕೆ ಸರಿಹೊಂದುವುದಿಲ್ಲ ಅನ್ನೋದು ನನ್ನ ಖಚಿತ ಅಭಿಪ್ರಾಯ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಉದ್ದವಾಗಿಯೇ ಬರೆಯಬೇಕು.

ಈ ಇಂಗ್ಲಿಷ್ ಪದಗಳೆಲ್ಲ ಲ್ಯಾಟಿನ್‌ನಿಂದ ಬಂದವು. ಅವುಗಳ ಬೇರು ಹಿಡಿದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ಲ್ಯಾಟಿನ್‌ನಲ್ಲಿ ಫ್ಲಾಕಸ್ ಅಂದರೆ ಉಣ್ಣೆಯ ಎಳೆಗಳ ಸಣ್ಣ ಗೊಂಚಲು. ಕೊಯಾಗ್ಯುಲಮ್ ಅಂದರೆ ಹಾಲಿಗೆ ಹಾಕುವ ಹೆಪ್ಪು. ಗ್ಲುಟೆನ್ ಅಂದರೆ ಅಂಟು. ಗ್ರೆಕ್ಸ್ ಅಂದರೆ ದನಕುರಿಗಳ ಹಿಂಡು. ಗ್ಲೋಮಸ್ ಅಂದರೆ ನೂಲಿನ ಉಂಡೆ. ಫ್ಲಾಕ್ಯುಲೇಷನ್, ಕೊಯಾಗ್ಯುಲೇಷನ್, ಅಗ್ಲುಟಿನೇಷನ್, ಅಗ್ರಿಗೇಷನ್, ಅಗ್ಲಾಮರೇಷನ್ ಹುಟ್ಟಿದ್ದು ಇವುಗಳಿಂದಲೇ. ನೋಡಿ, ಎಲ್ಲವೂ ಕುರಿ ಕಾಯುವವರ, ಹಾಲು ಕಾಸುವವರ, ನೂಲು ಸುತ್ತುವವರ ಮನೆಯ ಪದಗಳು. ಇವುಗಳಲ್ಲಿ ನಮಗೆ ಗೊತ್ತಿಲ್ಲದ ವಸ್ತು ಒಂದೂ ಇಲ್ಲ. ಹಾಗಿರುವಾಗ ಕನ್ನಡದಲ್ಲಿ ಮಾತ್ರ ಎಲ್ಲವನ್ನೂ ಒಂದೇ ಹೆಪ್ಪಿನ ಗಡಿಗೆಗೆ ಯಾಕೆ ಹಾಕಬೇಕು?

ಫ್ಲಾಕ್‌ಗೆ ಸರಿಯಾದ ಪದ ನಮ್ಮ ಸೀಮೆಯಲ್ಲೇ ಇದೆ: ಅರಳೆ. ಶಹಾಪುರ, ಸುರಪುರ, ಜೇವರ್ಗಿ ಕಡೆ ಹತ್ತಿ ಬಿಡಿಸುವ ಕಾಲದಲ್ಲಿ ರಸ್ತೆ ಬದಿಯ ಜಾಲಿ ಮುಳ್ಳಿಗೆ ಸಿಕ್ಕಿಕೊಂಡಿರುತ್ತದಲ್ಲ, ಗಾಳಿಗೆ ಅಲ್ಲಾಡುವ ಬಿಳಿ ತುಣುಕು, ಅದನ್ನು ನೆನಪಿಸಿಕೊಳ್ಳಿ. ಪಟಿಕ ಹಾಕಿದ ರಾಡಿ ನೀರಿನಲ್ಲಿ ಹತ್ತು ನಿಮಿಷದ ಮೇಲೆ ಕಾಣುವುದೂ ಅಂಥದ್ದೇ, ಬಣ್ಣ ಮಾತ್ರ ಮಣ್ಣಿನದು. ಅದಕ್ಕೇ ನಾನು ಪಾಠ ಮಾಡುವಾಗ ಅರಳೆಗಟ್ಟುವುದು ಅನ್ನುತ್ತೇನೆ. ಇದು ನಾನು ಮಾಡಿಕೊಂಡ ಪದ, ಪಠ್ಯಪುಸ್ತಕದ್ದಲ್ಲ. ಆದರೆ ಹೆಪ್ಪುಗಟ್ಟು, ಗರಣೆಗಟ್ಟು, ಮಡುಗಟ್ಟು ಅನ್ನುವ ಅಚ್ಚಿನಲ್ಲೇ ಬಂದಿದೆ. ಮಕ್ಕಳಿಗೆ ಒಂದು ಸಲ ಹೇಳಿದರೆ ಸಾಕು, ಮರೆಯುವುದಿಲ್ಲ.

ಈಗ ವಿಷಯಕ್ಕೆ ಬರೋಣ. ರಾಡಿ ನೀರು ತಾನಾಗಿ ಯಾಕೆ ತಿಳಿಯಾಗುವುದಿಲ್ಲ?

ಎರಡು ಕಾರಣ. ಒಂದು, ಕಣದ ಗಾತ್ರ. ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪದ ಮರಳಿನ ಕಣ ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಸುಮಾರು ಎರಡು ನಿಮಿಷ ತೆಗೆದುಕೊಳ್ಳುತ್ತದೆ. ಅದಕ್ಕಿಂತ ನೂರು ಪಟ್ಟು ಸಣ್ಣದಾದ, ಅಂದರೆ ಒಂದು ಮೈಕ್ರಾನಿನ ಜೇಡಿಯ ಕಣ ಅಷ್ಟೇ ದೂರ ಇಳಿಯಲು ಹನ್ನೆರಡು, ಹದಿಮೂರು ದಿನ ಬೇಕು. ಸ್ಟೋಕ್ಸ್ ನಿಯಮದ ಲೆಕ್ಕ ಇದು: ಗಾತ್ರ ಹತ್ತು ಪಟ್ಟು ಕಡಿಮೆಯಾದರೆ ಇಳಿಯುವ ವೇಗ ನೂರು ಪಟ್ಟು ಕಡಿಮೆಯಾಗುತ್ತದೆ. ಅದೂ ನೀರು ಒಂಚೂರೂ ಅಲುಗಾಡದೆ ನಿಂತರೆ ಮಾತ್ರ. ಅದಕ್ಕಿಂತಲೂ ಸಣ್ಣ ಕಣಗಳನ್ನು ನೀರಿನ ಅಣುಗಳೇ ತಳ್ಳಾಡುತ್ತಾ ಮೇಲೆ ಇಟ್ಟುಕೊಂಡಿರುತ್ತವೆ.

ಎರಡನೆಯದು ಇನ್ನೂ ಮುಖ್ಯ. ಜೇಡಿಯ ಕಣಗಳ ಮೈಮೇಲೆ ಋಣ ಚಾರ್ಜ್ ಇರುತ್ತದೆ, ಎಲ್ಲದರ ಮೇಲೂ. ಒಂದೇ ಬಗೆಯ ಚಾರ್ಜ್ ಇರುವುದರಿಂದ ಹತ್ತಿರ ಬಂದಾಗಲೆಲ್ಲ ಒಂದನ್ನೊಂದು ದೂರ ತಳ್ಳುತ್ತವೆ. ತೀರಾ ಹತ್ತಿರ ಬಂದರೆ ಅಂಟಿಕೊಳ್ಳುವ ಸೆಳೆತ ಅವುಗಳಲ್ಲಿ ಇದ್ದೇ ಇದೆ. ಆದರೆ ಅಷ್ಟು ಹತ್ತಿರ ಬರಲು ಈ ತಳ್ಳಾಟ ಬಿಡುವುದಿಲ್ಲ. ನಡುವೆ ಒಂದು ದಿಬ್ಬ ಇದ್ದ ಹಾಗೆ. ಈ ಸೆಳೆತ ಮತ್ತು ತಳ್ಳಾಟದ ಲೆಕ್ಕವನ್ನು ಸೋವಿಯತ್ ರಷ್ಯಾದ ಡೆರ್ಯಾಗಿನ್ ಮತ್ತು ಲ್ಯಾಂಡೌ 1941ರಲ್ಲಿ, ನೆದರ್ಲೆಂಡ್ಸಿನ ವರ್ವೆ ಮತ್ತು ಓವರ್‌ಬೀಕ್ 1948ರಲ್ಲಿ ಬಿಡಿಸಿಟ್ಟರು. ನಾಲ್ವರ ಹೆಸರಿನ ಮೊದಲ ಅಕ್ಷರ ಸೇರಿಸಿ ಅದನ್ನು ಡಿಎಲ್‌ವಿಒ ಸಿದ್ಧಾಂತ ಅನ್ನುತ್ತಾರೆ.

ಪಟಿಕ ಮಾಡುವ ಕೆಲಸ ಆ ದಿಬ್ಬವನ್ನು ಇಳಿಸುವುದು. ಅದರಲ್ಲಿರುವ ಅಲ್ಯೂಮಿನಿಯಂ ಅಯಾನಿಗೆ ಮೂರು ಧನ ಚಾರ್ಜ್. ಉಪ್ಪಿನ ಸೋಡಿಯಂಗೆ ಒಂದು, ಸುಣ್ಣದ ಕ್ಯಾಲ್ಸಿಯಂಗೆ ಎರಡು. ಮೂರಕ್ಕೂ ಒಂದಕ್ಕೂ ವ್ಯತ್ಯಾಸ ಬರೀ ಮೂರು ಪಟ್ಟು ಅಂದುಕೊಳ್ಳಬೇಡಿ. ಷುಲ್ಜ್-ಹಾರ್ಡಿ ನಿಯಮ ಅಂತ ಒಂದಿದೆ. ಅದರ ಪ್ರಕಾರ ಚಾರ್ಜ್ ಹೆಚ್ಚಾದ ಹಾಗೆ ಬೇಕಾಗುವ ಪ್ರಮಾಣ ದಡದಡನೆ ಇಳಿಯುತ್ತದೆ. ಸಿದ್ಧಾಂತದ ಲೆಕ್ಕದಲ್ಲಿ ಸೋಡಿಯಂ 729 ಪಾಲು ಬೇಕಾದ ಕಡೆ ಅಲ್ಯೂಮಿನಿಯಂ ಒಂದು ಪಾಲು ಸಾಕು. ಕೊಡ ತುಂಬ ರಾಡಿ ನೀರಿಗೆ ಹಿಡಿ ಉಪ್ಪು ಹಾಕುವ ಬದಲು ಪಟಿಕದ ಗಡ್ಡೆಯನ್ನು ನಾಲ್ಕು ಸುತ್ತು ತಿರುಗಿಸಿದರೆ ಕೆಲಸ ಆಗುವುದು ಇದರಿಂದಲೇ. ಇದರ ಜೊತೆಗೆ ಅಲ್ಯೂಮಿನಿಯಂ ನೀರಿನೊಡನೆ ಸೇರಿ ಅಂಟಂಟಾದ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಆಗುತ್ತದೆ. ಅದು ಬಲೆಯ ಹಾಗೆ ಕೆಳಗಿಳಿಯುತ್ತಾ ಸಿಕ್ಕ ಕಣಗಳನ್ನೆಲ್ಲ ಬಾಚಿಕೊಂಡು ಹೋಗುತ್ತದೆ. ಶುದ್ಧೀಕರಣ ಘಟಕಗಳಲ್ಲಿ ಹೆಚ್ಚಿನ ಕೆಲಸ ಈ ಬಲೆಯದೇ.

ಇಲ್ಲಿ ನಿಮ್ಮ ಎರಡು ಪದ ಬೇರೆಯಾಗುತ್ತವೆ. ನೀರಿನ ಎಂಜಿನಿಯರುಗಳ ಭಾಷೆಯಲ್ಲಿ ತಳ್ಳಾಟ ನಿಲ್ಲಿಸುವುದು ಕೊಯಾಗ್ಯುಲೇಷನ್. ತಳ್ಳಾಟ ನಿಂತ ಕಣಗಳನ್ನು ನಿಧಾನಕ್ಕೆ ಒಂದಕ್ಕೊಂದು ತಾಗಿಸಿ ದೊಡ್ಡ ತುಣುಕಾಗಿ ಬೆಳೆಸುವುದು ಫ್ಲಾಕ್ಯುಲೇಷನ್. ಮೊದಲನೆಯದಕ್ಕೆ ಜೋರಾಗಿ ಕಲಕಬೇಕು, ಅರ್ಧ ನಿಮಿಷದಿಂದ ಒಂದು ನಿಮಿಷ. ಎರಡನೆಯದಕ್ಕೆ ಬಹಳ ಮೆಲ್ಲಗೆ, ಇಪ್ಪತ್ತು ಮೂವತ್ತು ನಿಮಿಷ. ಎರಡೂ ಬೇರೆ ಬೇರೆ ಕೆಲಸ, ಬೇರೆ ಬೇರೆ ತೊಟ್ಟಿ.

ಇದರ ಬೆಲೆ ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ. ತುಂಬಾ ಹಿಂದೆ, ಭೀಮಾ ನೀರು ಬರುವ ಒಂದು ಊರಿನ ಘಟಕದಲ್ಲಿ ಲ್ಯಾಬ್ ಕೆಲಸ ಮಾಡುತ್ತಿದ್ದೆ. ಮೊದಲ ದೊಡ್ಡ ಮಳೆಗೆ ಹೊಳೆಯ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಪಟಿಕದ ಪ್ರಮಾಣ ಸರಿಯಾಗಿತ್ತು. ಆರು ಬೀಕರ್ ಸಾಲಾಗಿಟ್ಟು ಮಾಡುವ ಜಾರ್ ಟೆಸ್ಟಿನಲ್ಲಿ ನೀರು ಚೆನ್ನಾಗಿಯೇ ತಿಳಿಯಾಗುತ್ತಿತ್ತು. ಆದರೆ ತೊಟ್ಟಿಯಲ್ಲಿ ಮಾತ್ರ ಆಗುತ್ತಿರಲಿಲ್ಲ. ಎರಡು ದಿನ ಪಟಿಕ ಹೆಚ್ಚಿಸುತ್ತಲೇ ಹೋದೆವು, ಏನೂ ಪ್ರಯೋಜನ ಆಗಲಿಲ್ಲ. ಕೊನೆಗೆ ಅಲ್ಲಿನ ಹಳೆಯ ಆಪರೇಟರ್ ಒಬ್ಬರು ತೊಟ್ಟಿಯ ಅಂಚಿಗೆ ಕೂತು ಬಹಳ ಹೊತ್ತು ನೋಡಿ ಹೇಳಿದರು: "ಫ್ಲಾಕ್ ಕಟ್ಟಾಕತ್ತದ ಸಾಹೇಬ್ರ, ಖರೆ ಆ ರೆಕ್ಕಿ ಅದನ್ನ ಹರೀಲಿಕತ್ತದ." ನಿಧಾನಕ್ಕೆ ತಿರುಗಬೇಕಾದ ರೆಕ್ಕೆ ರಿಪೇರಿಯಾದ ಮೇಲೆ ಜೋರಾಗಿ ತಿರುಗುತ್ತಿತ್ತು. ಕಟ್ಟಿದ ಅರಳೆಯನ್ನು ಅದೇ ಚೂರು ಮಾಡುತ್ತಿತ್ತು. ರೆಕ್ಕೆಯ ವೇಗ ಇಳಿಸಿದೆವು. ಅಂದು ಸಂಜೆಗೇ ನೀರು ತಿಳಿಯಾಯಿತು. ಅವರ ಆ ಮಾತಿನಲ್ಲಿ ಫ್ಲಾಕ್ಯುಲೇಷನ್ನಿನ ಇಡೀ ಸ್ವಭಾವ ಇದೆ. ಅರಳೆ ಸಡಿಲ. ಕಟ್ಟಲು ಸಹನೆ ಬೇಕು, ಹರಿಯಲು ಒಂದು ಏಟು ಸಾಕು.

ಅದಕ್ಕೇ ಹೆಪ್ಪುಗಟ್ಟುವಿಕೆ ಬೇಡ ಅಂದದ್ದು. ಮೊಸರಿನಲ್ಲಿ ಏನಾಗುತ್ತದೆ ನೋಡಿ. ಹಾಲಿನ ಕೇಸಿನ್ ಅನ್ನೋ ಪ್ರೋಟೀನಿನ ಕಣಗಳು ಹುಳಿಗೆ ತಮ್ಮ ಚಾರ್ಜ್ ಕಳೆದುಕೊಂಡು ಒಂದಕ್ಕೊಂದು ಹಿಡಿದು, ಪಾತ್ರೆಯ ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಜಾಲ ನೇಯುತ್ತವೆ. ನೀರೂ ಆ ಜಾಲದೊಳಗೇ ಉಳಿಯುತ್ತದೆ. ಪಾತ್ರೆ ಓರೆ ಮಾಡಿದರೂ ಗಟ್ಟಿ ಮೊಸರು ಹರಿಯುವುದಿಲ್ಲ. ಇದು ಹೆಪ್ಪು. ಅದೇ ಹಾಲು ಕುದಿಯುವಾಗ ನಿಂಬೆರಸ ಹಿಂಡಿದರೆ ಒಡೆಯುತ್ತದೆ: ಬಿಳಿ ತುಣುಕುಗಳು ಬೇರೆ, ತಿಳಿ ನೀರು ಬೇರೆ. ಹಾಲು ಹೆಪ್ಪಾಯಿತು, ಹಾಲು ಒಡೆಯಿತು ಅಂತ ನಮ್ಮ ಮನೆಗಳಲ್ಲಿ ಎರಡು ಮಾತು ಇವೆಯಲ್ಲ, ಯಾರೂ ಅದಲುಬದಲು ಮಾಡುವುದಿಲ್ಲ. ರಾಡಿ ನೀರಿನ ಕತೆ ಒಡೆದ ಹಾಲಿಗೆ ಹತ್ತಿರ. ನೀರು ಹೆಪ್ಪಾಯಿತು ಅಂದರೆ ಮಗುವಿನ ಕಣ್ಣ ಮುಂದೆ ಬರುವುದು ಮಂಜುಗಡ್ಡೆ, ತಿಳಿ ನೀರಲ್ಲ.

ಒಂದು ತೊಡಕು ಇದೆ, ಅದನ್ನೂ ಹೇಳಬೇಕು. ಎಲ್ಲ ವಿಜ್ಞಾನಿಗಳೂ ಈ ಗೆರೆಯನ್ನು ಒಂದೇ ಕಡೆ ಎಳೆಯುವುದಿಲ್ಲ. ಉಪ್ಪು, ಪಟಿಕದಂಥವುಗಳಿಂದ ಚಾರ್ಜ್ ಇಳಿದು ಕಣಗಳು ಕೂಡಿದರೆ ಕೊಯಾಗ್ಯುಲೇಷನ್, ಉದ್ದನೆಯ ಪಾಲಿಮರ್ ಎಳೆಯೊಂದು ಹಲವು ಕಣಗಳನ್ನು ಸೇತುವೆಯ ಹಾಗೆ ಜೋಡಿಸಿದರೆ ಫ್ಲಾಕ್ಯುಲೇಷನ್ ಅನ್ನುವ ರಸಾಯನ ವಿಜ್ಞಾನಿಗಳಿದ್ದಾರೆ. ಬಿಗಿಯಾಗಿ ಕೂಡಿ ಮತ್ತೆ ಬಿಡಿಸಲಾಗದ್ದು ಕೊಯಾಗ್ಯುಲೇಷನ್, ಸಡಿಲವಾಗಿ ಕೂಡಿ ಬಿಡಿಸಬಹುದಾದದ್ದು ಫ್ಲಾಕ್ಯುಲೇಷನ್ ಅನ್ನುವವರೂ ಇದ್ದಾರೆ. ಅಂತರರಾಷ್ಟ್ರೀಯ ರಸಾಯನ ಸಂಸ್ಥೆ ಐಯುಪಿಎಸಿ ಅಂತೂ ತನ್ನ ವ್ಯಾಖ್ಯೆಯಲ್ಲಿ ಎರಡನ್ನೂ ಸಮಾನ ಪದ ಅಂತಲೇ ಇಟ್ಟಿದೆ. ಹಾಗಾಗಿ ಬೇರೆ ಪುಸ್ತಕದಲ್ಲಿ ಬೇರೆ ಥರ ಬರೆದಿದ್ದರೆ ಅದು ತಪ್ಪು ಅನ್ನಲು ಹೋಗಬೇಡಿ. ಯಾವ ಕ್ಷೇತ್ರದವರು ಬರೆದದ್ದು ಅಂತ ನೋಡಿ. ನಿಮ್ಮ ಪಾಠ ಕುಡಿಯುವ ನೀರಿನದು, ಆದ್ದರಿಂದ ನೀರಿನವರ ಅರ್ಥವನ್ನೇ ಹಿಡಿಯಿರಿ.

ರಕ್ತಕ್ಕೆ ಬಂದರೆ ಮಾತ್ರ ಸಡಿಲ ಬಿಡಬಾರದು. ಗಾಯವಾದಾಗ ರಕ್ತ ಗರಣೆಗಟ್ಟುತ್ತದೆ. ಅದು ಕೊಯಾಗ್ಯುಲೇಷನ್. ಫೈಬ್ರಿನ್ ಅನ್ನೋ ಪ್ರೋಟೀನಿನ ಎಳೆಗಳು ಬಲೆ ನೇಯ್ದು ರಕ್ತಕಣಗಳನ್ನು ಹಿಡಿದಿಡುತ್ತವೆ. ರಕ್ತದ ಗುಂಪು ನೋಡುವಾಗ ಗಾಜಿನ ಪಟ್ಟಿಯ ಮೇಲೆ ಕಾಣುವುದು ಅಗ್ಲುಟಿನೇಷನ್. ಅಲ್ಲಿ ಫೈಬ್ರಿನ್ ಇಲ್ಲ. ಆ್ಯಂಟಿಬಾಡಿ ಒಂದೊಂದೂ ಹಲವು ಕೈ ಚಾಚಿ ಬೇರೆ ಬೇರೆ ಕೆಂಪು ಕಣಗಳನ್ನು ಹಿಡಿದು ಅಂಟಿಸುತ್ತದೆ. ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ರಕ್ತದ ಗುಂಪುಗಳನ್ನು ಬೇರೆ ಮಾಡಿದ್ದು ಈ ಅಂಟುವಿಕೆ ಎಲ್ಲಿ ಆಗುತ್ತದೆ, ಎಲ್ಲಿ ಆಗುವುದಿಲ್ಲ ಅಂತ ನೋಡಿಯೇ. ಅದಕ್ಕೆ 1930ರಲ್ಲಿ ನೊಬೆಲ್ ಬಂತು. ಎರಡಕ್ಕೂ ರಕ್ತ ಹೆಪ್ಪುಗಟ್ಟಿತು ಅಂತ ಬರೆದರೆ ಮಗು ಎರಡೂ ಒಂದೇ ಅಂದುಕೊಳ್ಳುತ್ತದೆ. ಒಂದು ನಮ್ಮ ಜೀವ ಉಳಿಸುವಂಥದ್ದು. ಇನ್ನೊಂದು, ತಪ್ಪು ಗುಂಪಿನ ರಕ್ತ ಕೊಟ್ಟಾಗ ಮೈಯೊಳಗೇ ಆದರೆ, ಜೀವ ತೆಗೆಯಬಲ್ಲದು. ಹಾಗಾಗಿ ಕೊಯಾಗ್ಯುಲೇಷನ್‌ಗೆ ಗರಣೆಗಟ್ಟುವುದು, ಅಗ್ಲುಟಿನೇಷನ್‌ಗೆ ಅಂಟುಗೂಡುವುದು ಅಂತ ಬೇರೆ ಮಾಡಿ.

ಜ್ವರ ಬಂದಾಗ ನಮ್ಮ ಕಡೆ ಎಲ್ಲರೂ ಮಾಡಿಸುವ ವಿಡಾಲ್ ಪರೀಕ್ಷೆಯೂ ಅಂಟುಗೂಡುವುದೇ. 1896ರಷ್ಟು ಹಳೆಯದು ಅದು. ಸತ್ತ ಟೈಫಾಯ್ಡ್ ಬ್ಯಾಕ್ಟೀರಿಯಾ ಇರುವ ದ್ರವಕ್ಕೆ ರೋಗಿಯ ಸೀರಮ್ (ರಕ್ತ ಗರಣೆಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಬೆರೆಸಿ ಕಣಗಳು ಅಂಟುತ್ತವೆಯೇ ಅಂತ ನೋಡುತ್ತಾರೆ. ರಿಪೋರ್ಟಿನಲ್ಲಿ 1:80, 1:160 ಅಂತ ಬರುತ್ತದಲ್ಲ, ಸೀರಮನ್ನು ಎಷ್ಟು ತೆಳು ಮಾಡಿದರೂ ಅಂಟು ಉಳಿಯಿತು ಅನ್ನುವ ಅಳತೆ ಅದು. ಹಿಂದೆ ಬಂದುಹೋದ ಸೋಂಕಿಗೂ ಅಂಟಬಹುದು. ಆದ್ದರಿಂದ ಅದೊಂದನ್ನೇ ನಂಬಿ ಟೈಫಾಯ್ಡ್ ಅನ್ನುವಂತಿಲ್ಲ, ರಕ್ತದಿಂದ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಹೆಚ್ಚು ಗಟ್ಟಿ ಸಾಕ್ಷಿ. ಇನ್ನು ಗರ್ಭಿಣಿಯರಿಗೆ ಸಿಫಿಲಿಸ್ ರೋಗ ಇದೆಯೇ ಅಂತ ನೋಡಲು ಮಾಡುವ ವಿಡಿಆರ್‌ಎಲ್ ಪರೀಕ್ಷೆ ಇದೆ, ಅದು ಫ್ಲಾಕ್ಯುಲೇಷನ್ ಪರೀಕ್ಷೆ. ಅಲ್ಲಿ ಮೈಕ್ರೋಸ್ಕೋಪಿನ ಕೆಳಗೆ ನಿಜವಾಗಿ ಸಣ್ಣ ಅರಳೆಯಂಥ ತುಣುಕುಗಳೇ ಕಾಣುತ್ತವೆ.

ಅಗ್ರಿಗೇಷನ್ ಎಲ್ಲಕ್ಕಿಂತ ಅಗಲವಾದ ಪದ. ಹೇಗೆ ಕೂಡಿತು ಅಂತ ಹೇಳದೆ, ಕೂಡಿತು ಅಂತ ಮಾತ್ರ ಹೇಳುತ್ತದೆ. ಆಸ್ಪಿರಿನ್ ತಡೆಯುವುದು ಪ್ಲೇಟ್‌ಲೆಟ್‌ಗಳ ಅಗ್ರಿಗೇಷನ್ನನ್ನು. ಗುಂಪುಗೂಡುವುದು ಅಂದರೆ ಸಾಕು. ಅಗ್ಲಾಮರೇಷನ್ ಹೆಚ್ಚಾಗಿ ಪುಡಿಗಳ ಮಾತು, ಪುಡಿಯನ್ನು ಉಂಡೆ ಕಟ್ಟುವುದು. ಇದು ನಿಮ್ಮ ಪಾಠಕ್ಕೆ ಬೇಡ.

ನಿಮ್ಮ ಮಕ್ಕಳಲ್ಲಿ ಹೆಚ್ಚಿನವರು ಹೊಲದ ಮನೆಯವರಿರುತ್ತಾರೆ. ಅವರಿಗೆ ಮಣ್ಣಿನ ಉದಾಹರಣೆ ಕೊಡದೆ ಈ ಪಾಠ ಮುಗಿಸಬೇಡಿ. ನಮ್ಮ ಎರೆ ಭೂಮಿಯ ಜೇಡಿ ಬಹಳ ಸಣ್ಣ ಕಣದ್ದು, ಋಣ ಚಾರ್ಜ್ ಜಾಸ್ತಿ ಇರುವ ಜಾತಿ. ಕ್ಯಾಲ್ಸಿಯಂ ಸಾಕಷ್ಟಿದ್ದರೆ ಆ ಕಣಗಳು ಅರಳೆಗಟ್ಟಿ ಸಣ್ಣ ಸಣ್ಣ ಹರಳಾಗಿ ನಿಲ್ಲುತ್ತವೆ. ನಡುವೆ ಸಂದು ಇರುತ್ತದೆ. ನೀರು ಇಳಿಯುತ್ತದೆ, ಬೇರು ಉಸಿರಾಡುತ್ತದೆ. ಸೋಡಿಯಂ ಹೆಚ್ಚಾದರೆ ಅರಳೆ ಬಿಚ್ಚಿಹೋಗುತ್ತದೆ. ಬಿಡಿಬಿಡಿಯಾದ ಕಣಗಳು ಸಂದುಗಳಿಗೆ ಹೋಗಿ ಕೂತು ಮುಚ್ಚುತ್ತವೆ. ಮೇಲೆ ನೀರು ನಿಲ್ಲುತ್ತದೆ, ಒಣಗಿದರೆ ಕಲ್ಲಿನಂಥ ಹೆಂಟೆ. ನಾರಾಯಣಪುರ ಕಾಲುವೆಯ ನೀರು ಬರುವ ಕಡೆ ಸವಳು-ಜವಳಾದ ಹೊಲಗಳಿವೆಯಲ್ಲ, ಅಲ್ಲಿ ಕೃಷಿಯವರು ಮಣ್ಣು ಪರೀಕ್ಷೆ ಮಾಡಿ ಜಿಪ್ಸಂ ಹಾಕಿ ಅನ್ನುವುದು ಇದಕ್ಕೇ. ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂ ಅನ್ನು ಕಣದ ಮೈಯಿಂದ ಎಬ್ಬಿಸಿ ತಾನು ಕೂರುತ್ತದೆ. ಎದ್ದ ಸೋಡಿಯಂ ನೀರಿನ ಜೊತೆ ಬಸಿದು ಹೊರಗೆ ಹೋಗಬೇಕು, ಆದ್ದರಿಂದ ಬಸಿಗಾಲುವೆ ಇಲ್ಲದೆ ಜಿಪ್ಸಂ ಒಂದೇ ಸಾಲದು.

ಇಲ್ಲೊಂದು ಸೂಕ್ಷ್ಮ ಇದೆ, ರೈತರು ಇದರಿಂದಲೇ ಪೆಟ್ಟು ತಿನ್ನುತ್ತಾರೆ. ಉಪ್ಪು ತುಂಬಾ ಇದ್ದಾಗ ಸೋಡಿಯಂ ಮಣ್ಣೂ ಅರಳೆಗಟ್ಟಿಯೇ ಇರುತ್ತದೆ, ನೀರು ಇಳಿಯುತ್ತಿರುತ್ತದೆ. ಉಪ್ಪು ತೊಳೆಯೋಣ ಅಂತ ಸುಮ್ನೆ ಒಳ್ಳೆ ನೀರು ಕಟ್ಟಿದರೆ ಉಪ್ಪು ಹೋಗುತ್ತದೆ, ಕಣಕ್ಕೆ ಅಂಟಿದ ಸೋಡಿಯಂ ಉಳಿಯುತ್ತದೆ. ಆಗ ಮಣ್ಣು ಒಮ್ಮೆಗೇ ಬಿಚ್ಚಿ ಕೆಸರಾಗಿ ಕೂರುತ್ತದೆ. ತೊಳೆದದ್ದರಿಂದಲೇ ಹೊಲ ಕೆಟ್ಟಿತು ಅನ್ನೋ ಹಾಗಾಗುತ್ತದೆ. ಅದಕ್ಕೇ ಮೊದಲು ಜಿಪ್ಸಂ, ಆಮೇಲೆ ನೀರು.

ಈ ಬಿಚ್ಚುವಿಕೆಗೆ ಇಂಗ್ಲಿಷಿನಲ್ಲಿ ಡಿಫ್ಲಾಕ್ಯುಲೇಷನ್ ಅನ್ನುತ್ತಾರೆ. ಕನ್ನಡದಲ್ಲಿ ಅರಳೆ ಹಿಂಜುವುದು ಅಂದರೆ ಹೇಗೆ? ಹಾಸಿಗೆಯ ಗಂಟು ಹತ್ತಿಯನ್ನು ಪಿಂಜಾರರು ಹಿಂಜಿ ಬಿಡಿಬಿಡಿ ಮಾಡುವುದನ್ನು ನೋಡಿದವರಿಗೆ ಬೇರೆ ವಿವರಣೆ ಬೇಕಿಲ್ಲ. ಇದು ಎಲ್ಲ ಸಲ ಕೆಟ್ಟದ್ದೂ ಅಲ್ಲ. ನಿಮ್ಮ ಸೇಡಂ ಕಡೆ ತಯಾರಾಗುವ ಸಿಮೆಂಟನ್ನೇ ತಗೊಳ್ಳಿ. ನೀರು ಬೆರೆಸಿದ ಕೂಡಲೇ ಅದರ ಕಣಗಳು ಅರಳೆಗಟ್ಟಿ ಒಂದಿಷ್ಟು ನೀರನ್ನು ಒಳಗೇ ಹಿಡಿದುಕೊಳ್ಳುತ್ತವೆ. ದೊಡ್ಡ ಕಟ್ಟಡಗಳ ಕಾಂಕ್ರೀಟಿಗೆ ಸೂಪರ್ ಪ್ಲಾಸ್ಟಿಸೈಜರ್ ಹಾಕುತ್ತಾರಲ್ಲ, ಅದು ಆ ಅರಳೆಯನ್ನು ಹಿಂಜಿ ನೀರು ಬಿಡಿಸುತ್ತದೆ. ಕಡಿಮೆ ನೀರಿನಲ್ಲೇ ಕಾಂಕ್ರೀಟು ಸಲೀಸಾಗಿ ಹರಿಯುತ್ತದೆ, ಆಮೇಲೆ ಗಟ್ಟಿಯೂ ಆಗುತ್ತದೆ.

ಪದದ ಬಗ್ಗೆ ಹೇಳುವಾಗ ಒಂದು ತಪ್ಪು ನಂಬಿಕೆ ಬಗ್ಗೆಯೂ ಹೇಳಲೇಬೇಕು. ಅರಳೆಗಟ್ಟುವುದು ತೇಲಾಡುವ ಕಣಗಳ ಕೆಲಸ. ಕರಗಿದ ವಸ್ತುವಿನದಲ್ಲ. ಪಟಿಕ ಹಾಕಿದರೆ ಉಪ್ಪುನೀರು ಸಿಹಿಯಾಗುವುದಿಲ್ಲ. ಫ್ಲೋರೈಡ್ ಇರುವ ನೀರಿಗೆ ಪಟಿಕ ಮತ್ತು ಸುಣ್ಣ ಹಾಕುವ ನಲಗೊಂಡ ವಿಧಾನ ಇದೆ, ನಿಜ. ಆದರೆ ಅಲ್ಲಿ ರಾಡಿ ತೆಗೆಯುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಪಟಿಕ ಬೇಕು, ಹುಟ್ಟಿದ ಅರಳೆಯ ಮೈಗೆ ಫ್ಲೋರೈಡ್ ಅಂಟಿ ಜೊತೆಗೆ ಇಳಿಯುತ್ತದೆ. ಮನೆಯಲ್ಲಿ ಅಂದಾಜಿನ ಮೇಲೆ ಮಾಡುವಂಥದ್ದಲ್ಲ. ಹಾಗೆಯೇ ತಿಳಿ ನೀರು ಅಂದರೆ ಶುದ್ಧ ನೀರು ಅಲ್ಲ. ಅರಳೆಯ ಜೊತೆ ಬ್ಯಾಕ್ಟೀರಿಯಾ ಒಂದಿಷ್ಟು ಇಳಿದರೂ ಎಲ್ಲವೂ ಇಳಿಯುವುದಿಲ್ಲ. ಪಟಿಕ ಹಾಕಿ ತಿಳಿಯಾದ ನೀರನ್ನು ಸೋಸಿ, ಕುದಿಸಿಯೇ ಕುಡಿಯಬೇಕು. ನುಗ್ಗೆ ಬೀಜದ ಪುಡಿಗೂ ಇದೇ ಮಾತು. ಅದರಲ್ಲಿ ಧನ ಚಾರ್ಜಿನ ಪ್ರೋಟೀನ್ ಇದೆ, ಸುಡಾನಿನ ಹೆಂಗಸರು ನೈಲ್ ನದಿಯ ರಾಡಿಯನ್ನು ಅದರಿಂದಲೇ ಇಳಿಸುತ್ತಿದ್ದರು. ನಮ್ಮಲ್ಲಿ ಚಿಲ್ಲದ ಬೀಜ ಇತ್ತು, ಸಂಸ್ಕೃತದಲ್ಲಿ ಅದು ಕತಕ, ಸುಶ್ರುತ ಸಂಹಿತೆಯಲ್ಲೇ ನೀರು ತಿಳಿ ಮಾಡಲು ಅದನ್ನು ಹೇಳಿದ್ದಾರೆ.

ಕ್ಲಾಸಿನಲ್ಲಿ ತೋರಿಸಲು ಖರ್ಚಿಲ್ಲದ ಪ್ರಯೋಗ ಹೇಳುತ್ತೇನೆ. ಬೋರ್‌ವೆಲ್ ನೀರು ಬೇಡ. ನಮ್ಮ ಕಡೆಯ ಬೋರ್ ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ, ಅದೇ ಅರ್ಧ ಅರಳೆ ಕಟ್ಟಿಬಿಡುತ್ತದೆ. ಮಳೆ ನೀರು ಅಥವಾ ಆರ್‌ಒ ನೀರು ತಗೊಳ್ಳಿ. ಒಂದು ಬಾಟಲಿಯಲ್ಲಿ ಎರೆ ಮಣ್ಣು ಹಾಕಿ ಚೆನ್ನಾಗಿ ಕುಲುಕಿ, ದಪ್ಪ ಕಣ ಇಳಿಯಲಿ ಅಂತ ಹತ್ತು ನಿಮಿಷ ಬಿಡಿ. ಮೇಲಿನ ರಾಡಿಯನ್ನು ಮೂರು ಗಾಜಿನ ಲೋಟಕ್ಕೆ ಬಗ್ಗಿಸಿ. ಒಂದಕ್ಕೆ ಏನೂ ಹಾಕಬೇಡಿ. ಎರಡನೆಯದಕ್ಕೆ ಪಟಿಕದ ಪುಡಿ ಒಂದೇ ಚಿಟಿಕೆ ಹಾಕಿ, ಮೊದಲು ಜೋರಾಗಿ, ಆಮೇಲೆ ಚಮಚ ತಾಗಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ ಹತ್ತು ನಿಮಿಷ ತಿರುಗಿಸಿ. ಮಕ್ಕಳಲ್ಲೇ ಸಹನೆ ಇರುವ ಒಬ್ಬರಿಗೆ ಆ ಕೆಲಸ ಕೊಡಿ. ಮೂರನೆಯದಕ್ಕೆ ಬಟ್ಟೆ ಒಗೆಯುವ ವಾಷಿಂಗ್ ಸೋಡಾ ಒಂದು ಸಣ್ಣ ಚಿಟಿಕೆ. ಅದರಲ್ಲಿರುವುದು ಸೋಡಿಯಂ. ಲೋಟಗಳ ಹಿಂದೆ ಅಚ್ಚಾದ ಹಾಳೆ ಇಟ್ಟು ಯಾವುದರಲ್ಲಿ ಎಷ್ಟು ಹೊತ್ತಿಗೆ ಅಕ್ಷರ ಕಾಣುತ್ತದೆ ಅಂತ ಬರೆಸಿ. ಎರಡನೆಯದರಲ್ಲಿ ಅರಳೆ ಹುಟ್ಟಿ, ಬೆಳೆದು, ಇಳಿಯುವುದು ಒಂದು ಪೀರಿಯಡ್ಡಿನಲ್ಲೇ ಕಾಣುತ್ತದೆ. ಮೂರನೆಯದು ಮರುದಿನ ಬೆಳಿಗ್ಗೆಯೂ ಹಾಗೇ ರಾಡಿಯಾಗಿದ್ದರೆ ಪ್ರಯೋಗ ಕೆಟ್ಟಿತು ಅಂದುಕೊಳ್ಳಬೇಡಿ. ಅದು ಹಾಗೇ ಇರಬೇಕು.